ಹೋಮ್‌ಶಾದಲ್ಲಿ ನಿಮ್ಮಪ್ಪ ಎತ್ತಿದ ಬಾವುಟ

ಕ್ಲೆಗ್‌ಬ್ರಿಜ್
ಬುಧವಾರ, 25 ಆಗಸ್ಟ್ 1993

ಮುದ್ದಿನ ಲಿನ್,

ನಿನ್ನ ಪತ್ರ ಬಂದು ಎರಡು ತಿಂಗಳು ತುಂಬಿತು. ಉತ್ತರ ಬರೆಯದ ಅಮ್ಮನನ್ನು ಏನೇನು ಬೈದುಕೊಂಡಿದ್ದೀಯೋ ಅಷ್ಟನ್ನೂ ಒಪ್ಪಿಕೊಂಡೇ ಶುರು ಮಾಡುತ್ತೇನೆ. ನೀನು, ನಿನ್ನ ಗಿಡಗಳು, ಆ ಮೂರು ಕಾಲಿನ ಬೆಕ್ಕು, ಎಲ್ಲರೂ ಆರಾಮವಾಗಿದ್ದೀರೆಂದು ನಂಬಿದ್ದೇನೆ. ಪ್ಲಿಮತ್ ಕಡೆ ಒಳ್ಳೆ ಬಿಸಿಲು ಎಂದು ರೇಡಿಯೋದಲ್ಲಿ ಹೇಳುತ್ತಿದ್ದರು. ಇಲ್ಲಿ ಜುಲೈ ಪೂರ್ತಿ ಒದ್ದೆ ಕಂಬಳಿ ಹೊದ್ದುಕೊಂಡ ಹಾಗಿತ್ತು. ಈಗ ಫುಟ್‌ಬಾಲ್ ಶುರುವಾದ ಮೇಲೆ, ನಮ್ಮ ಹುಡುಗರು ಬೆವರಿ ಸಾಯಲಿ ಎಂದೇ ಏನೋ, ಸೂರ್ಯ ಬಂದಿದ್ದಾನೆ.

ಜೂನ್ ಜುಲೈ ಅಂದರೆ ಕ್ಲಬ್ಬಿನ ಕಾರ್ಯದರ್ಶಿಗೆ ಉಸಿರು ಬಿಡುವುದಕ್ಕೂ ಪುರುಸೊತ್ತಿಲ್ಲವೆಂದು ನಿನಗೆ ಗೊತ್ತು. ಹದಿನೆಂಟು ಜನರ ನೋಂದಣಿ ಕಾಗದ ತುಂಬಿ ಕಳಿಸಬೇಕಿತ್ತು. ಅವರಲ್ಲಿ ಇಬ್ಬರಿಗೆ ಮನೆ ವಿಳಾಸ ಸರಿಯಾಗಿ ಗೊತ್ತಿರಲಿಲ್ಲ. ಒಬ್ಬ ತನ್ನ ಹೆಸರನ್ನೇ ಎರಡು ಕಡೆ ಎರಡು ಥರ ಬರೆದು, ಯಾವುದಾದರೂ ನಡೆಯುತ್ತೆ ಎಂದ. ಬಟ್ಟೆ ಒಗೆಯುವ ಯಂತ್ರ ಕೆಟ್ಟಿತು. ಮೈದಾನದ ಮೂಲೆಯಲ್ಲಿ ಮೊಲಗಳು ಬಿಲ ತೋಡಿದವು. ಇದೆಲ್ಲ ನೆಪವೇ ಅನ್ನುತ್ತೀಯಾದರೆ, ಹೌದು, ನೆಪವೇ.

ನಿಮ್ಮಪ್ಪ ಚೆನ್ನಾಗಿದ್ದಾನೆ. ಈ ವಾಕ್ಯವನ್ನು ಹಲ್ಲು ಕಚ್ಚಿಕೊಂಡು ಬರೆದೆ. ನಿನ್ನ ವಿಷಯ ಅವನಾಗಿ ಕೇಳುವುದಿಲ್ಲ, ಆದರೆ ನಿನ್ನ ಪತ್ರವನ್ನು ಮೇಜಿನ ಮೇಲೆ ಬಿಟ್ಟು ನಾನು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅದರ ಮಡಿಕೆ ಬದಲಾಗಿರುತ್ತದೆ. ಅರವತ್ತಾರು ವರ್ಷವಾದರೂ ಇನ್ನೂ ಒಂದೇ ಒಂದು ಸಲವೂ ತಪ್ಪು ಮಾಡದೆ ಬದುಕಿರುವ ಮನುಷ್ಯ. ಮೂವತ್ತಾರು ವರ್ಷದಿಂದ ಅಂಥವನ ಜೊತೆ ಒಂದೇ ಮನೆಯಲ್ಲಿ ಇರುವವಳ ಕಷ್ಟ ಯಾರಿಗೆ ಹೇಳಲಿ, ನಿನಗೇ ಹೇಳುತ್ತೇನೆ. ಶನಿವಾರ ನಡೆದದ್ದನ್ನು ಯಾರಿಗಾದರೂ ಹೇಳದಿದ್ದರೆ ನನ್ನ ತಲೆ ಸಿಡಿದುಹೋಗುತ್ತದೆ.

ಶನಿವಾರ ಹೋಮ್‌ಶಾ ಕಾಲಿಯರಿಯವರ ಮೈದಾನದಲ್ಲಿ ನಮ್ಮ ಪಂದ್ಯ. ಈ ಸೀಸನ್ನಿನಲ್ಲಿ ಎರಡನೆಯದು, ಬೇರೆ ಊರಿಗೆ ಹೋಗಿ ಆಡುವುದರಲ್ಲಿ ಮೊದಲನೆಯದು. ಕಲ್ಲಿದ್ದಲ ಗಣಿ ಮುಚ್ಚಿ ಆಯಿತು, ತಂಡ ಮಾತ್ರ ಉಳಿದುಕೊಂಡಿದೆ. ನನಗೆ ಆ ಪಂದ್ಯದ ಮೇಲೆ ಆಸೆಯಿದ್ದದ್ದು ಬೇರೆ ಕಾರಣಕ್ಕೆ: ನಿನ್ನ ತಮ್ಮ ಗ್ಲೆನ್ ಹದಿನಾಲ್ಕು ತಿಂಗಳ ಮೇಲೆ ಮತ್ತೆ ಆಡುವುದಿತ್ತು. ಮಂಡಿಗೆ ಎರಡು ಸಲ ಕತ್ತರಿ ಹಾಕಿಸಿಕೊಂಡವನು. ಇಡೀ ಚಳಿಗಾಲ ಆಸ್ಪತ್ರೆಯ ಈಜುಕೊಳದಲ್ಲಿ ಮುದುಕಿಯರ ನಡುವೆ ಕಾಲು ಆಡಿಸುತ್ತಾ ನಿಂತಿದ್ದ. ಇನ್ನು ಸಾಕು ಬಿಡು ಎಂದು ಅವನ ಹೆಂಡತಿ ಸ್ಯಾಂಡ್ರಾ ಹೇಳುತ್ತಲೇ ಇದ್ದಳು. ಹೆಂಡತಿಗೂ ಮ್ಯಾನೇಜರ್ ಬ್ರಾಡಕ್‌ಗೂ ಅವನು ಒಂದೇ ಮಾತು ಕೊಟ್ಟಿದ್ದ: ಶುರುವಿನ ಈ ನಾಲ್ಕಾರು ಪಂದ್ಯ ನೋಡುತ್ತೇನೆ, ಕಾಲು ಮಾತು ಕೇಳಿದರೆ ಸರಿ, ಕೇಳದಿದ್ದರೆ ನಾನೇ ಬಿಡುತ್ತೇನೆ. ಮೂವತ್ತೊಂದಕ್ಕೆ ಫುಟ್‌ಬಾಲ್‌ನವನು ಎಷ್ಟು ಮುದುಕನಾಗಿಬಿಡುತ್ತಾನೆ ನೋಡು.

ಬೆಳಿಗ್ಗೆ ಹತ್ತೂವರೆಗೆ ಬಸ್ ಹೊರಟಿತು. ಬಟ್ಟೆಯ ಬುಟ್ಟಿ ತುಂಬಿಸುತ್ತಿದ್ದಾಗ ನಿಮ್ಮಪ್ಪ ಅಂಗಳದಿಂದ ತನ್ನ ಟೋಪಿ ಎಲ್ಲಿ ಎಂದು ಕೂಗಿದ. ಟೋಪಿ ಅವನ ತಲೆಯ ಮೇಲೇ ಇತ್ತು. ಅದನ್ನು ಹೇಳಿ ಬರುವಷ್ಟರಲ್ಲಿ ಚಡ್ಡಿಗಳ ಚೀಲವನ್ನು ನಾನು ಅಲ್ಲೇ ಯಂತ್ರದ ಮೇಲೆ ಮರೆತೆ. ಇದು ನನ್ನ ತಪ್ಪು. ನನ್ನದನ್ನು ನಾನು ಹೇಳಿಕೊಳ್ಳುತ್ತೇನೆ, ನಮ್ಮ ಮನೆಯಲ್ಲಿ ಒಬ್ಬರಾದರೂ ಹಾಗೆ ಮಾಡಬೇಕಲ್ಲ.

ಡ್ರೈವರ್ ಅರ್ನಾಲ್ಡ್ ಹೋಮ್‌ಶಾಗೆ ಇಪ್ಪತ್ತು ಸಲ ಹೋಗಿಬಂದವನು. ಆದರೂ ನಿಮ್ಮಪ್ಪ ನಕ್ಷೆ ಬಿಡಿಸಿಕೊಂಡು ಅವನ ಹಿಂದಿನ ಸೀಟಿನಲ್ಲಿ ಕೂತ. ಗುಡ್ಡ ದಾಟಿದ ಮೇಲೆ, ಮುಂದಿನ ತಿರುವಿನಲ್ಲಿ ಎಡಕ್ಕೆ ಹೋದರೆ ಹತ್ತು ನಿಮಿಷ ಉಳಿಯುತ್ತೆ ಎಂದ. ಬೇಡ ಎಂದ ಅರ್ನಾಲ್ಡ್. ಎಡಕ್ಕೆ ಎಂದ ನಿಮ್ಮಪ್ಪ. ಎಡಕ್ಕೆ ಹೋದೆವು. ರಸ್ತೆ ಸಣ್ಣದಾಗುತ್ತಾ ಆಗುತ್ತಾ ಒಂದು ಹಂದಿ ಸಾಕುವವನ ಅಂಗಳದಲ್ಲಿ ಮುಗಿಯಿತು. ಅಲ್ಲಿಂದ ಬಸ್ಸನ್ನು ಹಿಂದಕ್ಕೆ ತೆಗೆಯಲು ನಲವತ್ತು ನಿಮಿಷ ಬೇಕಾಯಿತು. ಹಂದಿಯವನು ಕೈ ಬೀಸಿ ದಾರಿ ತೋರಿಸುತ್ತಿದ್ದ, ಹುಡುಗರು ಕೆಳಗಿಳಿದು ಗೇಟು ಎತ್ತಿ ಹಿಡಿದಿದ್ದರು, ಮೂಗು ಮುಚ್ಚಿಕೊಂಡು ನಾನು ಚಡ್ಡಿ ಮರೆತದ್ದನ್ನು ಅಲ್ಲೇ ನೆನಪಿಸಿಕೊಂಡೆ. ನಿಮ್ಮಪ್ಪ ನಕ್ಷೆ ಮಡಿಸಿ ಜೇಬಿಗಿಟ್ಟು ಹೇಳಿದ್ದು ಇಷ್ಟೇ: "ರಸ್ತೇನ ಬದಲಾಯಿಸಿಬಿಟ್ಟಿದಾರೆ."

ಅರ್ನಾಲ್ಡ್ ಕನ್ನಡಿಯಲ್ಲಿ ನನ್ನ ಕಡೆ ನೋಡಿದ. "ತಾಯಿ, ನಿಮಗೆ ಸ್ವರ್ಗದಲ್ಲಿ ಕಿಟಕಿ ಪಕ್ಕದ ಸೀಟು ಗ್ಯಾರಂಟಿ," ಎಂದ.

ಮೂರು ಗಂಟೆಯ ಪಂದ್ಯಕ್ಕೆ ಎರಡೂವರೆಗೆ ತಲುಪಿದೆವು. ಹೋಮ್‌ಶಾದವರು ಪಾಪ, ಒಳ್ಳೆಯವರು, ತಮ್ಮ ಹಳೆಯ ಹಸಿರು ಚಡ್ಡಿಗಳನ್ನು ಕೊಟ್ಟರು. ಕೆಂಪು ಅಂಗಿ, ಹಸಿರು ಚಡ್ಡಿ. ನಮ್ಮ ಹನ್ನೊಂದು ಜನ ಮೈದಾನಕ್ಕೆ ಇಳಿದಾಗ, ಟೊಮೇಟೊಗಳು ತೊಟ್ಟಿನ ಸಮೇತ ಬಂದ್ವು ನೋಡ್ರೋ ಎಂದು ಅವರ ಕಡೆಯ ಯಾರೋ ಅಂದರು. ನಗುವುದಕ್ಕೆ ಅಲ್ಲಿ ಇದ್ದದ್ದು ತೊಂಬತ್ತು ಜನ, ತೊಂಬತ್ತು ಜನವೂ ನಕ್ಕರು. ನಮ್ಮವರೂ ಸೇರಿ.

ಮೊದಲ ಅರ್ಧದ ಬಗ್ಗೆ ಹೇಳುವುದೇನಿಲ್ಲ. ಅವರೊಂದು ಗೋಲು ಹೊಡೆದರು, ನಾವೊಂದು ಹೊಡೆದೆವು. ಗ್ಲೆನ್ ಹೊರಗೆ ಬೆಂಚಿನ ಮೇಲೆ ಮಂಡಿ ನೀವಿಕೊಳ್ಳುತ್ತಾ ಕೂತಿದ್ದ. ನಿಜವಾದ ಕಥೆ ಶುರುವಾದದ್ದು ಮಧ್ಯದ ವಿರಾಮದಲ್ಲಿ. ಬಾವುಟ ಹಿಡಿಯುವ ಇಬ್ಬರು ಲೈನ್ಸ್‌ಮನ್‌ಗಳಲ್ಲಿ ಒಬ್ಬ ಕಿತ್ತಳೆ ಷರಬತ್ತು ಕುಡಿಯಲು ಲೋಟ ಎತ್ತಿದ. ಲೋಟದಲ್ಲಿ ಕಣಜದ ಹುಳ ಇತ್ತು. ನಾಲಿಗೆಗೇ ಕುಟುಕಿತು. ಎರಡು ನಿಮಿಷದಲ್ಲಿ ಅವನ ನಾಲಿಗೆ ಬಾಯಲ್ಲಿ ಹಿಡಿಸದಷ್ಟಾಯಿತು. ಯಾರದೋ ಕಾರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದರು. ಆಮೇಲೆ ಧ್ವನಿವರ್ಧಕದಲ್ಲಿ, ಪರೀಕ್ಷೆ ಪಾಸಾದ ರೆಫ್ರಿ ಯಾರಾದರೂ ಇಲ್ಲಿದ್ದರೆ ದಯವಿಟ್ಟು ಬರಬೇಕು ಎಂದು ಕೂಗಿದರು.

ಲಿನ್, ನನ್ನ ಪಕ್ಕದಲ್ಲಿ ಪೈ ತಿನ್ನುತ್ತಿದ್ದ ಮನುಷ್ಯ ಪೈಯನ್ನು ನನ್ನ ಕೈಗೆ ಕೊಟ್ಟು ಎದ್ದ. ನಾನು ನಿಮ್ಮಪ್ಪನ ಕೋಟು ಹಿಡಿದು ಎಳೆದೆ. ನೀನು ರೆಫ್ರಿ ಕೆಲಸ ಬಿಟ್ಟು ಹನ್ನೆರಡು ವರ್ಷವಾಗಿದೆ ವಿಲ್ಫ್, ಅದೂ ನಮ್ಮದೇ ತಂಡ, ಗ್ಲೆನ್ ಆಡುವವನಿದ್ದಾನೆ, ಸುಮ್ಮನೆ ಕೂತುಕೋ ಎಂದೆ. ಅವನ ಕಣ್ಣು ಆಗಲೇ ಬೇರೆ ಕಡೆ ಇತ್ತು. ಆ ರೆಫ್ರಿ ಸರ್ಟಿಫಿಕೇಟನ್ನು ಇಷ್ಟು ವರ್ಷವೂ ಪರ್ಸಿನಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದನೆಂದು ನನಗೆ ಗೊತ್ತೇ ಇರಲಿಲ್ಲ.

ಹೋಮ್‌ಶಾದ ಮ್ಯಾನೇಜರ್ ತಕರಾರು ತೆಗೆದ, ತೆಗೆಯಬೇಕಾದ್ದೇ. ಬೇರೆ ಯಾರೂ ಮುಂದೆ ಬರಲಿಲ್ಲ. ರೆಫ್ರಿ, ಮೀಸೆ ಸರಿಯಾಗಿ ಮೂಡದ ಪ್ರಾಯದವನು, ನೀವು ಯಾವ ಕ್ಲಬ್ಬಿನವರು ಎಂದು ಕೇಳಿದ.

"ಬಾವುಟ ಕೈಗೆ ಬರೋ ತನಕ ಕ್ಲೆಗ್‌ಬ್ರಿಜ್‌ನವನು," ಎಂದ ನಿಮ್ಮಪ್ಪ. "ಆಮೇಲೆ ಯಾರವನೂ ಅಲ್ಲ."

ಬ್ರಾಡಕ್‌ಗಂತೂ ಮುಖದ ತುಂಬ ಸಂತೋಷ. ನಮ್ಮ ವಿಲ್ಫ್ ಲೈನಿನಲ್ಲಿದ್ದಾನೆ ಎಂದು ಹುಡುಗರ ಬೆನ್ನು ತಟ್ಟಿದ. ಆ ಮೂರ್ಖನಿಗೆ ನಿಮ್ಮಪ್ಪನ ಜೊತೆ ಹದಿನೈದು ವರ್ಷದ ಸ್ನೇಹ, ಆದರೂ ಅವನು ಎಂಥವನೆಂದು ತಿಳಿದಿರಲಿಲ್ಲ.

ಪ್ಯಾಂಟಿನ ತುದಿಗಳನ್ನು ಕಾಲುಚೀಲದೊಳಗೆ ತುರುಕಿಕೊಂಡು, ಟೋಪಿ ನನ್ನ ಕೈಗೆ ಕೊಟ್ಟು, ಬೋಳು ತಲೆ ಹೊಳೆಸಿಕೊಂಡು ನಿಮ್ಮಪ್ಪ ನಮ್ಮವರ ಮುಂದಿನ ಗೆರೆಗೆ ಹೋಗಿ ನಿಂತ. ಮೊದಲ ಐದು ನಿಮಿಷದಲ್ಲಿ ನಮ್ಮ ವಿರುದ್ಧ ಮೂರು ಸಲ ಬಾವುಟ ಎತ್ತಿದ. ಗೆರೆ ದಾಟಿ ಬಂದಿದ್ದೀಯ, ಹಿಂದೆ ಹೋಗು ಎಂದು ಬ್ರಾಡಕ್‌ಗೇ ಗದರಿದ. ನಮ್ಮ ಬೆಂಬಲಿಗರ ಕಡೆಯಿಂದ, "ವಿಲ್ಫ್, ಮನೆಗ್ ಹೋಗೋ ಬಸ್ಸು ನಮ್ದೇ ಮಾರಾಯ, ನೆನಪಿರ್ಲಿ," ಎಂದು ಒಬ್ಬ ಕೂಗಿದ. ನಿಮ್ಮಪ್ಪ ಆ ಕಡೆ ತಿರುಗಿ ಸಹ ನೋಡಲಿಲ್ಲ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಟೋಪಿ, ಅರ್ಧ ತಿಂದ ಪೈ, ಎರಡನ್ನೂ ಹಿಡಿದುಕೊಂಡು ಮೈದಾನದ ಇನ್ನೊಂದು ಬದಿಗೆ, ಟೀ ಮಾರುವ ಗೂಡಿನ ಹತ್ತಿರ ಹೋಗಿಬಿಟ್ಟೆ. ಅಲ್ಲಿ ನಮ್ಮವರು ಯಾರೂ ಇರಲಿಲ್ಲ. ಅದೇ ನನಗೂ ಬೇಕಿತ್ತು.

ಕೊನೆಯ ಇಪ್ಪತ್ತು ನಿಮಿಷಕ್ಕೆ ಗ್ಲೆನ್ ಇಳಿದ. ಮೊದಲು ಕಾಲೂರುವುದಕ್ಕೇ ಅನುಮಾನಿಸುತ್ತಿದ್ದ. ಆಮೇಲೆ ಮರೆತ. ಮರೆತದ್ದು ನನಗೆ ಗೊತ್ತಾಯಿತು, ಮಗು ನಡೆಯಲು ಕಲಿತಾಗ ಬೀಳುವುದನ್ನು ಮರೆಯುವ ಒಂದು ಗಳಿಗೆ ಇರುತ್ತದಲ್ಲ, ಹಾಗೆ. ಎಂಬತ್ತೆಂಟನೇ ನಿಮಿಷದಲ್ಲಿ ನಡು ಮೈದಾನದಿಂದ ಚೆಂಡು ಬಂತು. ಗ್ಲೆನ್ ಅದರ ಹಿಂದೆ ಓಡಿದ. ಅವರ ಗೋಲ್‌ಕೀಪರ್ ಮುಂದೆ ಬಂದ, ಇವನು ಪಕ್ಕಕ್ಕೆ ತಳ್ಳಿ ಒಂದೇ ಏಟಿಗೆ ಬಲೆಯೊಳಗೆ ಹಾಕಿದ. ಆ ಕಾಲಿನಲ್ಲೇ. ಕತ್ತರಿ ಹಾಕಿದ ಆ ಕಾಲಿನಲ್ಲೇ, ಲಿನ್. ನಾನು ಟೀ ಚೆಲ್ಲಿಕೊಂಡೆ.

ಎದುರು ಬದಿಯಲ್ಲಿ ನಿಮ್ಮಪ್ಪನ ಬಾವುಟ ಮೇಲಕ್ಕೆ ಎದ್ದು ನಿಂತಿತ್ತು. ಆಫ್‌ಸೈಡ್. ಚೆಂಡು ಹೊರಟಾಗಲೇ ಗ್ಲೆನ್ ಅವರ ಕೊನೆಯ ಆಟಗಾರನನ್ನೂ ದಾಟಿ ಮುಂದಿದ್ದ, ಗೋಲು ಲೆಕ್ಕಕ್ಕಿಲ್ಲ ಎಂದು.

ಗ್ಲೆನ್ ಜಗಳಕ್ಕೆ ಹೋಗಲಿಲ್ಲ. ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು ಗೋಲಿನ ಮುಂದೆ ನಿಂತು ಅಪ್ಪನನ್ನು ನೋಡುತ್ತಿದ್ದ. ಮಿಕ್ಕ ಒಂಬತ್ತು ಟೊಮೇಟೊಗಳೂ ನಿಮ್ಮಪ್ಪನ ಸುತ್ತ ಮುತ್ತಿಕೊಂಡು ಬಾಯಿಗೆ ಬಂದದ್ದು ಅನ್ನುತ್ತಿದ್ದಾಗ ಹೋಮ್‌ಶಾದವರು ಆ ಆಫ್‌ಸೈಡಿಗೆ ತಮಗೆ ಸಿಕ್ಕ ಒದೆತವನ್ನು ಸದ್ದಿಲ್ಲದೆ ಬೇಗ ಒದ್ದರು. ನಮ್ಮ ಅರ್ಧ ಮೈದಾನದಲ್ಲಿ ಗೋಲ್‌ಕೀಪರ್ ಒಬ್ಬನೇ. ಅವರದು ಎರಡು, ನಮ್ಮದು ಒಂದು. ಪಂದ್ಯ ಮುಗಿಯಿತು.

ಹೋಮ್‌ಶಾದವರ ಕೋಣೆಯಲ್ಲಿ ಅವರು ಕೊಟ್ಟ ಬಟಾಣಿ, ಪೈ ಯಾರಿಗೂ ಇಳಿಯಲಿಲ್ಲ. ನಿಮ್ಮಪ್ಪ ಮಾತ್ರ ಎರಡು ತಿಂದ. ಅವರ ಅಧ್ಯಕ್ಷ ಬಂದು ನಿಮ್ಮಪ್ಪನ ಕೈ ಕುಲುಕಿ, ಇಂಥ ಪ್ರಾಮಾಣಿಕ ಮನುಷ್ಯನನ್ನು ನಾನು ಕಂಡೇ ಇಲ್ಲ ಎಂದ. ಅವನು ಅದನ್ನು ಅಷ್ಟು ಜೋರಾಗಿ ಹೇಳಬೇಕಾಗಿರಲಿಲ್ಲ.

ಬಸ್ಸಿನಲ್ಲಿ ನಾನು ನಿಮ್ಮಪ್ಪನ ಪಕ್ಕ ಮುಂದೆ ಕೂತೆ. ಗ್ಲೆನ್ ಕೊನೆಯ ಸೀಟಿನಲ್ಲಿ ಮಂಡಿಯ ಮೇಲೆ ಐಸಿನ ಚೀಲ ಇಟ್ಟುಕೊಂಡು ಕೂತಿದ್ದ. ಐದಾರು ಮೈಲಿ ಆದ ಮೇಲೆ ಬ್ರಾಡಕ್ ಶುರು ಮಾಡಿದ. ತೊಂಬತ್ತು ಜನರ ಮುಂದೆ ದೊಡ್ಡ ಮನುಷ್ಯ ಅನ್ನಿಸಿಕೊಳ್ಳುವುದಕ್ಕೆ ಸ್ವಂತ ಮಗನ ಗೋಲು ಬೇಕಾಗಿತ್ತೇನು ಎಂದ. ನೀನು ಮಗನ ಮೇಲೆ ಕಟ್ಟುನಿಟ್ಟು ಅಂತ ತೋರಿಸಿಕೊಳ್ಳೋಕ್ಕೇ ಎತ್ತಿದ್ದು, ಬೇರೆ ಯಾರಾದರೂ ಓಡಿದ್ದರೆ ಎತ್ತುತ್ತಿರಲಿಲ್ಲ ಎಂದ. ಹುಡುಗರೂ ಒಬ್ಬೊಬ್ಬರಾಗಿ ಸೇರಿಕೊಂಡರು. ಇನ್ನು ಮುಂದೆ ವಿಲ್ಫ್ ನಮ್ಮ ಬಸ್ಸಿಗೆ ಬರೋದು ಬೇಡ ಎಂದು ಯಾರೋ ಹಿಂದಿನಿಂದ ಅಂದರು. ನಿಮ್ಮಪ್ಪನ ಕುತ್ತಿಗೆ ಕೆಂಪಾಗುತ್ತಾ ಹೋಯಿತು. ಜೇಬಿನಿಂದ ಬೆಳಗಿನ ಆ ನಕ್ಷೆ ತೆಗೆದು ಮತ್ತೆ ಮತ್ತೆ ಮಡಿಸುತ್ತಿದ್ದ, ಮಡಿಕೆ ಕೂಡುತ್ತಿರಲಿಲ್ಲ. ಅವನು ಹಾಗೆ ತಡಬಡಿಸಿದ್ದನ್ನು ನಾನು ಇದುವರೆಗೂ ನೋಡಿರಲಿಲ್ಲ.

ಅವನು ಎದ್ದು ನಿಂತು, ಸೀಟಿನ ಹಿಂಭಾಗ ಹಿಡಿದುಕೊಂಡು ಬಸ್ಸಿನವರ ಕಡೆ ತಿರುಗಿದ.

"ನಾನು ಕಂಡದ್ದಕ್ಕೆ ಎತ್ತಿದೆ," ಎಂದ. "ನನ್ನ ಮಾತು ಬೇಡ ಅಂದ್ರೆ ಇವಳನ್ನ ಕೇಳಿ. ಟೀ ಅಂಗಡಿ ಹತ್ರ ಇದ್ಲು, ಸರಿಯಾಗಿ ಅದೇ ನೇರದಲ್ಲಿ. ನನಗಿಂತ ಚೆನ್ನಾಗಿ ಕಂಡಿರತ್ತೆ. ಎನಿಡ್, ನೀನೇ ಹೇಳು. ಆಫ್‌ಸೈಡ್ ತಾನೆ?"

ಎಲ್ಲರೂ ನನ್ನನ್ನೇ ನೋಡಿದರು. ಅರ್ನಾಲ್ಡ್ ಕನ್ನಡಿಯಲ್ಲಿ ನೋಡಿದ. ಹಿಂದಿನ ಸೀಟಿನಿಂದ ಗ್ಲೆನ್ ಎದ್ದು ನಿಂತ.

"ಏನಮ್ಮಾ?" ಎಂದ.

"ಆಫ್‌ಸೈಡೇ," ಎಂದೆ. "ಒಂದು ಗಜ ಮುಂದಿದ್ದೆ ನೀನು."

ಹಾಗಾದ್ರೆ ಸರಿ ಎಂದ ಗ್ಲೆನ್. ಬಸ್ಸಿನ ನಡುವಿನ ದಾರಿಯಲ್ಲಿ ಕುಂಟುತ್ತಾ ಮುಂದೆ ಬಂದು ನಿಮ್ಮಪ್ಪನ ಹೆಗಲ ಮೇಲೆ ಕೈಯಿಟ್ಟ. ಅಮ್ಮ ಹೇಳಿದ ಮೇಲೆ ಮುಗೀತು, ಇನ್ನು ಯಾರೂ ಅಪ್ಪನಿಗೆ ಏನೂ ಅನ್ನಬೇಡಿ ಎಂದು ಹುಡುಗರಿಗೆ ಹೇಳಿದ. ಬ್ರಾಡಕ್ ಕಿಟಕಿಯ ಕಡೆ ತಿರುಗಿಕೊಂಡ. ನಿಮ್ಮಪ್ಪ ಕೂತುಕೊಂಡು, ಟೋಪಿ ಹಾಕಿಕೊಂಡು, ನನಗೆ ಮಾತ್ರ ಕೇಳುವ ಹಾಗೆ, ನಿನಗೆ ಗೊತ್ತಿರತ್ತೆ ಅಂತ ನಂಗೆ ಗೊತ್ತಿತ್ತು ಎಂದ. ಐದು ನಿಮಿಷಕ್ಕೆ ಗೊರಕೆ ಹೊಡೆಯುತ್ತಿದ್ದ. ನನಗೆ ಅವನ ಮೂಗು ಹಿಡಿದು ಮುಚ್ಚಬೇಕು ಅನ್ನಿಸಿತು.

ಭಾನುವಾರ ಇಡೀ ದಿನ ಆ ಬಾವುಟದ ಕಥೆಯನ್ನೇ ಕೇಳಿದೆ. ಪಕ್ಕದ ಮನೆಯವರಿಗೆ ಬೇಲಿಯ ಮೇಲೆ ಬಗ್ಗಿ ಹೇಳಿದ. ಪೇಪರ್ ಹಾಕುವವನಿಗೆ ಹೇಳಿದ. ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ ಗ್ಲೆನ್, ಸಾಸಿವೆ ಬಾಟಲಿ ಅವರ ಕಡೆಯವನು ಎಂದು ಇಟ್ಟು ನನಗೇ ತೋರಿಸಿದ, ನಾನು ಅಲ್ಲಿ ಇರಲೇ ಇಲ್ಲವೇನೋ ಅನ್ನುವ ಹಾಗೆ. ಡಬ್ಬಿ ತೆಗೆದುಕೊಂಡು ನನ್ನ ಆಲೂಗಡ್ಡೆಗೆ ಉಪ್ಪು ಹಾಕಿಕೊಂಡೆ. ಮಗನನ್ನು ತಿನ್ನುತ್ತಿದ್ದೀಯಲ್ಲ ಎಂದು ನಕ್ಕ. ಅವನು ಅಷ್ಟು ಖುಷಿಯಾಗಿದ್ದದ್ದನ್ನು ಕಂಡು ಬಹಳ ದಿನವಾಗಿತ್ತು. ಅದೇ ನನ್ನನ್ನು ಇನ್ನೂ ಕೆರಳಿಸಿತು.

ನಿನ್ನೆ ಮಂಗಳವಾರ ಸಂಜೆ ಅಭ್ಯಾಸದ ಹೊತ್ತು. ಗ್ಲೆನ್ ಮೈದಾನಕ್ಕೆ ಹೋಗುವ ಬದಲು ನಮ್ಮ ಮನೆಗೆ ಬಂದ. ಬೂಟುಗಳು ಒಂದು ಪ್ಲಾಸ್ಟಿಕ್ ಚೀಲದಲ್ಲಿದ್ದವು. ಬ್ರಾಡಕ್‌ಗೆ ಹೇಳಿ ಬಂದೆ, ಇನ್ನು ಆಡಲ್ಲ ಎಂದ. ನಿಮ್ಮಪ್ಪ ಮಾರ್ಕೆಟ್ಟಿಗೆ ಹೋಗಿದ್ದ, ಮನೆಯಲ್ಲಿ ನಾನೊಬ್ಬಳೇ. ಒಂದು ಆಫ್‌ಸೈಡಿಗೆ ಯಾರಾದರೂ ಆಟ ಬಿಡುತ್ತಾರೇನೋ ಎಂದು ಬೈದೆ. ಮಂಡಿ ನೋಯುತ್ತಾ ಎಂದು ಕೇಳಿದೆ. ಮಂಡಿ ಏನೂ ನೋಯಲ್ಲ ಎಂದ.

"ಆ ಓಟ ಸರಿಯಾಗಿತ್ತು ಅಂತ ನಾನು ಆಣೆ ಮಾಡಿ ಹೇಳ್ತಿದ್ದೆ, ಅಮ್ಮಾ," ಎಂದ. "ನಂಗೆ ವೇಗ ಯಾವತ್ತೂ ಇರ್ಲಿಲ್ಲ. ಯಾವಾಗ ಹೊರಡ್ಬೇಕು ಅನ್ನೋದೊಂದು ಗೊತ್ತಿತ್ತು. ಅದರಲ್ಲೇ ಇಷ್ಟು ವರ್ಷ ಆಡಿದ್ದು. ಶನಿವಾರ ಸರಿಯಾಗಿ ಹೊರಟೆ ಅಂತ್ಲೇ ಅಂದ್ಕೊಂಡೆ. ಒಂದು ಗಜ ತಪ್ಪಿತ್ತು ಅಂದ್ರೆ, ಅದೂ ಹೋಯ್ತು ಅಂತ ಅರ್ಥ. ಅಪ್ಪ ಒಬ್ರೇ ಹೇಳಿದ್ರೆ ನಂಬ್ತಿರ್ಲಿಲ್ಲ."

ಚಹಾ ಕುಡಿದ. ಕೇಕು ತಿಂದ. ಸ್ಯಾಂಡ್ರಾಗೆ ಖುಷಿಯಾಗಿದೆ ಎಂದ. ಹೋಗುವಾಗ ಬೂಟಿನ ಚೀಲ ಅಡಿಗೆಮನೆಯ ಬಾಗಿಲ ಹಿಂದೆ ಬಿಟ್ಟು ಹೋದ, ಯಾರಿಗಾದರೂ ಅಳತೆ ಸರಿಹೋದರೆ ಕೊಟ್ಟುಬಿಡು ಎಂದು. ನಿಮ್ಮಪ್ಪ ಮಾರ್ಕೆಟ್ಟಿನಿಂದ ಬಂದ ಮೇಲೆ ಹೇಳಿದೆ. ಅವನು ತರಕಾರಿ ಚೀಲ ಮೇಜಿನ ಮೇಲಿಟ್ಟು, ಬಾಗಿಲ ಹಿಂದಿನ ಬೂಟಿನ ಚೀಲ ಬಿಚ್ಚಿ ನೋಡಿದ. ಆಮೇಲೆ, ತಾನಾಗಿ ತಿಳಿದುಕೊಂಡು ಬಿಟ್ಟದ್ದೇ ಒಳ್ಳೆಯದಾಯಿತು, ಮರ್ಯಾದೆ ಉಳಿಯಿತು ಎಂದ. ಹೋಗಿ ತೋಟದ ಶೆಡ್ಡಿನಲ್ಲಿ ಕೂತ. ಕತ್ತಲಾಗುವ ಮುಂಚೆ ಹೋಗಿ ನೋಡಿದರೆ, ಗ್ಲೆನ್ ಹತ್ತು ವರ್ಷದವನಿದ್ದಾಗ ಹಾಕಿಕೊಳ್ಳುತ್ತಿದ್ದ ಹಳೆಯ ಬೂಟಿಗೆ ಎಣ್ಣೆ ಸವರುತ್ತಿದ್ದ. ಅದು ಅಲ್ಲಿ ಇನ್ನೂ ಇತ್ತೆಂದೇ ನನಗೆ ತಿಳಿದಿರಲಿಲ್ಲ. ಬೈಯಬೇಕೆಂದು ಹೋದವಳು ಸುಮ್ಮನೆ ವಾಪಸು ಬಂದೆ. ಇಂಥ ಮನುಷ್ಯನ ಮೇಲೆ ಪೂರ್ತಿ ಸಿಟ್ಟನ್ನೂ ಮಾಡಿಕೊಳ್ಳಲಾಗುವುದಿಲ್ಲ, ಅದು ಇನ್ನೊಂದು ತಲೆನೋವು.

ಮುಂದಿನ ಶನಿವಾರ ಪಂದ್ಯ ನಮ್ಮ ಮೈದಾನದಲ್ಲೇ. ಚಡ್ಡಿ ಮರೆಯುವ ಹಾಗಿಲ್ಲ. ಅರ್ನಾಲ್ಡ್ ನಿನ್ನನ್ನು ಕೇಳಿದೆನೆಂದು ಹೇಳಲು ಹೇಳಿದ್ದಾನೆ. ನಿನ್ನ ಗುಲಾಬಿಗೆ ಬಂದ ಕಪ್ಪು ಚುಕ್ಕೆಗೆ ಎಲೆಗಳನ್ನು ಕಿತ್ತು ಸುಡು, ಬುಡದಲ್ಲಿ ಬಿಡಬೇಡ. ರಾತ್ರಿ ಪಾಳಿ ಬಹಳ ಮಾಡಬೇಡ. ಊಟಕ್ಕೆ ಮೊದಲು ಬರೀ ಬಿಸ್ಕತ್ತು ತಿಂದು ಹೊಟ್ಟೆ ತುಂಬಿಸಿಕೊಳ್ಳುವ ಬುದ್ಧಿ ಇನ್ನೂ ಇದ್ದರೆ ಬಿಡು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ, ಮಗಳೇ. ನಿನ್ನ ಮನೆಬಾಗಿಲಿಗೆ ಒಳ್ಳೆಯ ಸುದ್ದಿಯೇ ಬರುತ್ತಿರಲಿ.

ನಿನ್ನ ಪ್ರೀತಿಯ
ಅಮ್ಮ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ.

ಗ್ಲೆನ್ ಆಫ್‌ಸೈಡ್ ಇರಲಿಲ್ಲ. ಅವರ ಮೂರನೇ ನಂಬರಿನವನು, ಮುಖದ ತುಂಬ ಮಚ್ಚೆಯವನು, ಕಾಲು ಸೆಳೆತ ಹಿಡಿದು ಹಿಂದೆಯೇ ಉಳಿದುಬಿಟ್ಟಿದ್ದ. ನನ್ನ ಎದುರಿಗೇ, ಗೆರೆಯ ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಚೆಂಡು ಹೊರಟಾಗ ಅವನು ಗ್ಲೆನ್‌ಗಿಂತ ಎರಡು ಗಜ ಹಿಂದೆ, ತನ್ನ ಗೋಲಿನ ಕಡೆಗೆ ಇದ್ದ. ಅವನೊಬ್ಬ ಅಲ್ಲಿದ್ದ ಮೇಲೆ ಗೋಲು ಗೋಲೇ. ಮೈದಾನದ ಆಚೆ ಬದಿಯಿಂದ ಬಿಸಿಲಿಗೆ ಮುಖಮಾಡಿ ನಿಂತ ನಿಮ್ಮಪ್ಪನಿಗೆ ಅವನು ಕಾಣಲಿಲ್ಲ. ಎಲ್ಲರೂ ಚೆಂಡನ್ನು ನೋಡುತ್ತಿದ್ದರು. ಬಾವುಟ ಎದ್ದಾಗ ಆ ಮಚ್ಚೆಯವನು ನನ್ನ ಕಡೆ ತಿರುಗಿ ಕಣ್ಣು ಹೊಡೆದ. ಅವನನ್ನೂ ನನ್ನನ್ನೂ ಬಿಟ್ಟು ಇನ್ನು ಯಾರಿಗೂ ಗೊತ್ತಿಲ್ಲ.

ಬಸ್ಸಿನಲ್ಲಿ ನಿಮ್ಮಪ್ಪ ಆ ನಕ್ಷೆಯ ಜೊತೆ ಒದ್ದಾಡುವುದನ್ನು ಕಂಡು ಹಾಗೆ ಹೇಳಿಬಿಟ್ಟೆ. ಇಪ್ಪತ್ತು ಜನರ ಮುಂದೆ ಅವನು ಕುಸಿಯುವುದನ್ನು ನೋಡಲಾಗಲಿಲ್ಲ. ಗ್ಲೆನ್ ಗಟ್ಟಿಗ, ತಡೆದುಕೊಳ್ಳುತ್ತಾನೆ ಅಂದುಕೊಂಡೆ. ನನ್ನ ಮಕ್ಕಳು ತಡೆದುಕೊಳ್ಳುತ್ತಾರೆ ಎಂದೇ ನಾನು ಯಾವಾಗಲೂ ಅಂದುಕೊಳ್ಳುವುದು.

ನಾಳೆ ಬೆಳಿಗ್ಗೆ ಆ ಬೂಟು ತೆಗೆದುಕೊಂಡು ಗ್ಲೆನ್ ಮನೆಗೆ ಹೋಗಿ ಹೇಳುತ್ತೇನೆ. ಅವನು ಮತ್ತೆ ಆಡುತ್ತಾನೋ ಇಲ್ಲವೋ, ನನ್ನ ಮುಖ ನೋಡುತ್ತಾನೋ ಇಲ್ಲವೋ, ಗೊತ್ತಿಲ್ಲ. ಆಮೇಲೆ ನಿಮ್ಮಪ್ಪನಿಗೂ ಹೇಳಬೇಕು. ಆದರೆ ಅವರಿಬ್ಬರಿಗಿಂತ ಮೊದಲು ನಿನಗೆ ಹೇಳಬೇಕಾದದ್ದೊಂದಿದೆ. ನಿನ್ನದು ಹಳೆಯದು.

ಅಜ್ಜಿಯ ಮಣ್ಣಿನ ದಿನ, ಎಲ್ಲರೂ ಚಹಾ ಕುಡಿಯುತ್ತಿದ್ದಾಗ ನಿಮ್ಮಪ್ಪ ನಿನಗೆ, ಸಾಯುವಾಗ ಅಜ್ಜಿ ನಿನ್ನ ಹೆಸರು ಹಿಡಿದು ಕರೆದರೂ ನೀನು ಬರಲಿಲ್ಲ ಎಂದ. ಅಪ್ಪಾ, ಬರೋದು ಬೇಡ ಅಂತ ನೀವೇ ಫೋನಿನಲ್ಲಿ ಹೇಳಿದ್ರಿ ಎಂದೆ ನೀನು. ನಾನು ಹಾಗೆ ಹೇಳೇ ಇಲ್ಲ ಎಂದ ಅವನು. ಅವನು ನಿಜವಾಗಿಯೂ ಮರೆತಿದ್ದ, ಲಿನ್, ಬೇಕೆಂದು ಹೇಳಿದ ಸುಳ್ಳಲ್ಲ. ಆಗ ನೀನು ನನ್ನ ಕಡೆ ತಿರುಗಿ, ಅಮ್ಮಾ, ನೀನು ಅಲ್ಲೇ ಇದ್ಯಲ್ಲ ಎಂದೆ. ನಾನು ಸಿಂಕಿನಲ್ಲಿ ಬಸಿ ತೊಳೆಯುತ್ತಿದ್ದೆ. ನಂಗೆ ನೆನಪಿಲ್ಲ ಎಂದೆ. ಮೂರು ವರ್ಷವಾಯಿತು ನೀನು ಈ ಮನೆಗೆ ಬಂದು.

ನನಗೆ ನೆನಪಿದೆ. ಅವನು ಫೋನಿನಲ್ಲಿ ಮಾತಾಡುವಾಗ ಮೆಟ್ಟಿಲ ಪಕ್ಕದಲ್ಲಿ, ಅವನ ಹಿಂದೆಯೇ ನಿಂತಿದ್ದೆ. ಅಜ್ಜಿಯ ಕಾಯಿಲೆ ಅಷ್ಟೇನೂ ಜೋರಿಲ್ಲ, ಅಷ್ಟು ದೂರದಿಂದ ಬರೋದು ಬೇಡ ಎಂದು ನಿನಗೆ ಹೇಳಿದ. ಒಂದು ಸಲ ಅಲ್ಲ, ಎರಡು ಸಲ ಹೇಳಿದ. ಎರಡನ್ನೂ ನಾನು ಕೇಳಿಸಿಕೊಂಡಿದ್ದೆ.